ಹೊಳೆಯುವ ಗಾಲಿ, ಸವೆದ ಟೈರು

ಸಂಜೆ ಆರರ ಹೊತ್ತು. ವಿಜಯಪುರದ ಗಾಂಧಿ ಚೌಕದಲ್ಲಿ ಅಂಗಡಿಗಳ ದೀಪ ಹತ್ತುವ ಸಮಯ. ಗುಡುಗುಡು ಸದ್ದು ಮಾಡುತ್ತ ಹಳೆಯ ಕಾರೊಂದು ತಿರುವು ತೆಗೆದುಕೊಳ್ಳುತ್ತದೆ. ಕಾರಿಗೆ ವಯಸ್ಸು ಇಪ್ಪತ್ತು ದಾಟಿದೆ, ಗಾಲಿಗೆ ಮಾತ್ರ ಹದಿನಾರು! ಬೆಳ್ಳಿ ತಾಟಿನಂತೆ ಮಿಂಚುವ ಅಲಾಯ್, ಮಡ್‌ಗಾರ್ಡಿನಿಂದ ಎರಡು ಬೆರಳು ಹೊರಗೆ ಇಣುಕುವ ಟೈರು. ಕಟ್ಟೆಯ ಮೇಲೆ ಕೂತವರು "ಏನ್ ಗಾಡಿ ಮಾಡ್ಯಾನೋ ಮಗ!" ಎಂದು ತಲೆದೂಗುತ್ತಾರೆ. ತಿಕೋಟಾ ಬಸ್ಸಿಗೆ ಹೊರಟ ಹಿರಿಯರೊಬ್ಬರು ಚೀಲ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಇವರಲ್ಲಿ ಬುದ್ಧಿವಂತರು ಯಾರು? ಹಿಂದೆ ಸರಿದವರೇ ಸೈ.

ಹಳೆಯ ಕಾರಿನ ಮೇಲಿನ ಪ್ರೀತಿ ತಪ್ಪಲ್ಲ. ಫಿಯೆಟ್, ಅಂಬಾಸಡರ್ ಬಿಟ್ಟರೆ ಬೇರೆ ಗತಿ ಇಲ್ಲದ ಕಾಲದಲ್ಲಿ 1984ರ ಕಾಂಟೆಸ್ಸಾ ಸಾಹುಕಾರರ ಬಾಗಿಲಿನ ಆನೆಯಾಗಿತ್ತು. ಆಮೇಲೆ 1998ರಲ್ಲಿ ಹೋಂಡಾ ಸಿಟಿ, 1999ರಲ್ಲಿ 'ಜೋಶ್ ಮಷೀನ್' ಎಂದು ಜಾಹೀರಾತಿನಲ್ಲಿ ಮೆರೆದ ಫೋರ್ಡ್ ಐಕಾನ್, 2001ರಲ್ಲಿ ಫಿಯೆಟ್ ಪಾಲಿಯೋ ಬಂದವು. ಅಂದು ಹುಡುಗರು ಬಾಯಿ ಬಿಟ್ಟು ನೋಡಿದ ಈ ಗಾಡಿಗಳು ಇಂದು ಸೆಕೆಂಡ್ ಹ್ಯಾಂಡ್ ಬಾಜಾರದಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತವೆ. ಅಪ್ಪ ಕೊಳ್ಳಲಾಗದ ಕಾರನ್ನು ಮಗ ಕೊಳ್ಳುತ್ತಾನೆ. ದ್ರಾಕ್ಷಿಗೆ ದರ ಬಂದ ವರ್ಷ ತಿಕೋಟಾದಲ್ಲಿ, ಕಬ್ಬಿನ ಬಿಲ್ಲು ಕೈಸೇರಿದ ತಿಂಗಳು ಬಬಲೇಶ್ವರದಲ್ಲಿ ಇಂಥ ಖರೀದಿ ನಡೆಯುತ್ತದೆ. ನಡೆಯಲಿ, ಸಂತೋಷ. ತಕರಾರು ಇರುವುದು ಖರೀದಿಯ ಮರುದಿನದ ಕೆಲಸದ ಬಗ್ಗೆ. ಬ್ರೇಕ್ ನೋಡುವ ಮೊದಲು, ಬುಷ್ ನೋಡುವ ಮೊದಲು ಯುವಕ ಮಹಾಶಯ ಓಡುವುದು ಅಲಾಯ್ ಗಾಲಿಯ ಅಂಗಡಿಗೆ!

ನಾಲ್ಕು ತೂತಿನ ಮೋಸ

"ನಾಕ ತೂತ ಅದಾವಲ್ಲ, ಕೂಡ್ತೈತಿ ತಗೋರಿ." ಅಂಗಡಿಯ ಈ ಒಂದು ಮಾತಿನಲ್ಲಿ ಅರ್ಧ ಅಪಘಾತ ಅಡಗಿದೆ. ತೂತು ನಾಲ್ಕೇ ಇರಬಹುದು, ಆದರೆ ಅವು ಕೂತಿರುವ ವೃತ್ತ ಒಂದೊಂದು ಗಾಡಿಗೆ ಒಂದೊಂದು. ಫೋರ್ಡ್ ಐಕಾನಿಗೆ ಆ ವೃತ್ತದ ಅಡ್ಡಳತೆ 108 ಮಿಲಿಮೀಟರ್. ಹೋಂಡಾ ಸಿಟಿಗೆ 100. ಮಾರುತಿ ಝೆನ್, ಎಸ್ಟೀಮ್‌ಗಳಿಗೆ 114.3. ಫಿಯೆಟ್ ಪಾಲಿಯೋಗೆ 98.

ಕಡೆಯದನ್ನು ಇನ್ನೊಮ್ಮೆ ಓದಬೇಕು. 98 ಮತ್ತು 100, ಅಂತರ ಎರಡೇ ಮಿಲಿಮೀಟರ್. ಹೋಂಡಾದ ಅಲಾಯ್ ಪಾಲಿಯೋಗೆ ಒತ್ತಾಯದಿಂದ ಕೂತೇ ಬಿಡುತ್ತದೆ. ಪಾನಾ ಹಾಕಿ ಎಳೆದರೆ ಬೋಲ್ಟು ಬಿಗಿಯೂ ಆಗುತ್ತದೆ. ಆದರೆ ಬೋಲ್ಟು ನೇರ ಕೂತಿಲ್ಲ, ಸೊಟ್ಟಗೆ ಕಚ್ಚಿಕೊಂಡಿದೆ. ಗಾಲಿ ನಡುಮಧ್ಯಕ್ಕೆ ಬಂದಿಲ್ಲ. ಮೊದಲು ಸ್ಟೇರಿಂಗ್ ನಡುಗುತ್ತದೆ, ಆಮೇಲೆ ಬೋಲ್ಟು ಸಡಿಲಾಗುತ್ತದೆ, ಆಮೇಲೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಸೇರಿಗೆ ಸೇರು ತೂಗಿ ಕೊಡುವ ವ್ಯಾಪಾರಸ್ಥರಿಗೆ ಇದು ಬೇಗ ತಿಳಿಯುತ್ತದೆ: ಹತ್ತಿರ ಹತ್ತಿರ ಎಂಬುದು ತೂಕವಲ್ಲ.

ಗಾಲಿಯ ನಡುವಿನ ದೊಡ್ಡ ತೂತಿನ ಲೆಕ್ಕವೂ ಹೀಗೆಯೇ. ಐಕಾನಿನ ಹಬ್ಬು 63.4 ಮಿಲಿಮೀಟರ್. ಹೊರಗಿನ ಅಲಾಯ್‌ಗಳನ್ನು ಹತ್ತು ನಮೂನೆ ಗಾಡಿಗೆ ಹೊಂದಲಿ ಎಂದು ದೊಡ್ಡ ತೂತು ಇಟ್ಟು ಮಾಡಿರುತ್ತಾರೆ. ನಡುವೆ ಸರಿಯಾದ ರಿಂಗು ಹಾಕದಿದ್ದರೆ ಗಾಲಿ ಹಬ್ಬಿನ ಮೇಲೆ ಕೂಡುವುದಿಲ್ಲ, ಬೋಲ್ಟಿಗೆ ಜೋತುಬೀಳುತ್ತದೆ. ಇನ್ನು ಗಾಲಿ ಅಗಲ ಕಾಣಲೆಂದು ನಡುವೆ ಸ್ಪೇಸರ್ ಇಟ್ಟು ಹೊರಗೆ ತಳ್ಳುವ ಷೋಕಿ ಬೇರೆ. ಹೊರಗೆ ತಳ್ಳಿದಷ್ಟೂ ಬೇರಿಂಗಿನ ಮೇಲೆ ಭಾರ. ಟೈರು ಎಸೆದ ಖಡಿ ಪಕ್ಕದ ಸೈಕಲ್ಲಿನವನ ಮುಖಕ್ಕೆ. ಗಾಡಿಯ ಷೋಕಿ ಇವನದು, ಕಣ್ಣಿನ ಗಾಯ ಮತ್ತೊಬ್ಬನದು. ಇದು ಯಾವ ನ್ಯಾಯ?

ರಬ್ಬರಿನ ಲೆಕ್ಕ

ಟೈರಿನ ಮೇಲೆ ಬರೆದ ಅಂಕಿ ಮಂತ್ರವಲ್ಲ, ಸಾದಾ ಲೆಕ್ಕ. ಐಕಾನಿನಲ್ಲಿ 175/65 R 14 ಎಂದಿರುತ್ತದೆ. 175 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಆ ಅಗಲದ ನೂರಕ್ಕೆ 65ರಷ್ಟು ಪಕ್ಕದ ಗೋಡೆಯ ಎತ್ತರ. ಆರ್ ಎಂದರೆ ರೇಡಿಯಲ್. 14 ಎಂದರೆ ರಿಮ್ಮಿನ ಇಂಚು. ಗೋಡೆ ಸುಮಾರು 114 ಮಿಲಿಮೀಟರ್, ಇಡೀ ಗಾಲಿಯ ಎತ್ತರ 583.

ಇದಕ್ಕೆ 17 ಇಂಚಿನ ಅಲಾಯ್ ಹಾಕಿ 205/40 ಟೈರು ತೊಡಿಸಿದರೆ ಇಡೀ ಗಾಲಿಯ ಎತ್ತರ 596. ವ್ಯತ್ಯಾಸ ನೂರಕ್ಕೆ ಎರಡರಷ್ಟು. ಮೀಟರಿನಲ್ಲಿ 80 ಕಂಡಾಗ ಗಾಡಿ ಸುಮಾರು 82ರಲ್ಲಿರುತ್ತದೆ. "ಲೆಕ್ಕ ಕೂಡಿತಲ್ರೀ" ಎಂದು ಅಂಗಡಿಯವನು ನಗುತ್ತಾನೆ. ಕೂಡಿದ್ದು ಖರೇ, ಆದರೆ ಕಳೆದದ್ದೇನು? ಪಕ್ಕದ ಗೋಡೆ 114ರಿಂದ 82ಕ್ಕೆ ಇಳಿಯಿತು. ಒಂದೂಕಾಲು ಇಂಚು ರಬ್ಬರು, ಒಂದೂಕಾಲು ಇಂಚು ಗಾಳಿ ಮಾಯ! ಅದರ ಜಾಗಕ್ಕೆ ಬಂದದ್ದು ಲೋಹ. ತಗ್ಗಿಗೆ ಬಿದ್ದಾಗ ಪೆಟ್ಟು ನುಂಗುವುದು ರಬ್ಬರೇ ಹೊರತು ಲೋಹವಲ್ಲ.

ತಗ್ಗಿಗೆ ಇಲ್ಲೇನು ಕಡಿಮೆಯೇ? ಈ ಸೀಮೆಯದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರನ್ನೂ ಜೊತೆಗೆ ಎಬ್ಬಿಸಿ ಕೆಡಹುತ್ತದೆ. ತಗ್ಗು ತಪ್ಪಿದರೆ ಊರು ಬಂದಲ್ಲೆಲ್ಲ ಬಣ್ಣ ಬಳಿಯದ ಹಂಪು. ಕಬ್ಬಿಣದ ಡಿಸ್ಕು ಇಂಥಲ್ಲಿ ಸೊಟ್ಟಾದರೆ ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ಸೀಳುತ್ತದೆ. ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಹೊಡೆದು, ಮೇಲೆ ಬೆಳ್ಳಿ ಬಣ್ಣ ಬಳಿದು ಮಾರಿದರೆ ಕೊಂಡವನಿಗೆ ಗೊತ್ತಾಗುವುದು ಯಾವಾಗ? ಮ್ಯಾಲ ಥಳಕು, ಒಳಗ ಹುಳಕು ಎಂಬ ಗಾದೆ ಹುಟ್ಟಿದಾಗ ಅಲಾಯ್ ಇರಲಿಲ್ಲ, ಆದರೂ ಹೇಳಿಮಾಡಿಸಿದಂತಿದೆ.

ಪಂಚರ್ ಅಂಗಡಿಯ ಮುದುಕ ಮಿಸ್ತ್ರಿಗಳ ಬಾಯಲ್ಲಿ ಇದೇ ಮಾತು ಮೂರು ಸಾಲಿನಲ್ಲಿ ಮುಗಿಯುತ್ತದೆ.

"ಚಾಚಾ, ಹದಿನೇಳರ ಅಲಾಯ್ ಕುಂದರ್ತಾವೇನು?"

"ಕುಂದರ್ತಾವ ಬೇಟಾ. ಆದ್ರ ಬಬಲೇಶ್ವರಕ್ಕ ಹೋಗಿ ಹಂಗ ಹೊಳ್ಳಿ ಬರ್ತಾವಂತ ಬರದು ಕೊಡಾಂವ ಅಲ್ಲ ನಾ."

"ಮತ್ತ ಅಗಲ ಟೈರಿಗೆ ಹಿಡಿತ ಹೆಚ್ಚಲ್ಲ?"

"ಹೆಚ್ಚ ಐತಿ, ಒಣ ರಸ್ತಾದಾಗ. ನೀರ ನಿಂತಲ್ಲಿ ಅದ ಅಗಲ ಟೈರ ದೋಣಿ ಆಗತೈತಿ. ನಿನ್ನ ಬುಷ್ ನೋಡೀದೇನು? ಮೊದಲ ಅದನ್ನ ಹಾಕಸು."

ಚಾಚಾನ ಮಾತಿನಲ್ಲಿ ಹುರುಳಿದೆ. ಸ್ವಲ್ಪ ಅಗಲ ಬೇಕೇ ಬೇಕು ಎನ್ನುವವರಿಗೆ ದಾರಿ ಇಲ್ಲವೆಂದಲ್ಲ. ಅದೇ 14 ಇಂಚಿನಲ್ಲಿ 185/60 ಹಾಕಿದರೆ ಗೋಡೆ 111, ಇಡೀ ಎತ್ತರ 578. ಮೀಟರು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತದೆ, ರಬ್ಬರೂ ಉಳಿಯುತ್ತದೆ. 15 ಇಂಚು ಬೇಕೆಂದರೆ 185/55, ಎತ್ತರ 584, ಗೋಡೆ 102. ಅದರಾಚೆ ಹೋದರೆ ನೋಟಕ್ಕೆ ಲಾಭ, ಓಟಕ್ಕೆ ನಷ್ಟ. ದೊಡ್ಡ ಗಾಲಿ ಸಾಮಾನ್ಯವಾಗಿ ಭಾರವೂ ಆಗಿರುತ್ತದೆ. ಭಾರ ತಿರುಗಿಸಲು ಎಂಜಿನ್ನು ಏದುಸಿರು ಬಿಡಬೇಕು, ನಿಲ್ಲಿಸಲು ಬ್ರೇಕು ಹೆಣಗಬೇಕು. ಜೋಶ್ ಬೇಕೆಂದು ಕೊಂಡ ಗಾಡಿಯ ಜೋಶ್ ಇಳಿಸಲು ದುಡ್ಡು ಕೊಟ್ಟಂತಾಯಿತಲ್ಲವೇ?

ಟೈರಿನ ಜಾತಕ

ಮಗಳಿಗೆ ವರ ನೋಡುವಾಗ ಜಾತಕ ಕೇಳುವ ಜನ ಟೈರಿನ ಜಾತಕ ಮಾತ್ರ ಕೇಳುವುದಿಲ್ಲ. ಅದು ಟೈರಿನ ಗೋಡೆಯ ಮೇಲೆಯೇ ಅಚ್ಚಾಗಿರುತ್ತದೆ. ಡಿ.ಓ.ಟಿ. ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಬೇಕು. 2219 ಎಂದಿದ್ದರೆ 2019ನೇ ಇಸವಿಯ 22ನೇ ವಾರ ಹುಟ್ಟಿದ್ದು. ಗೆರೆ ಎಷ್ಟೇ ಆಳವಿರಲಿ, ಐದಾರು ವರ್ಷ ದಾಟಿದ ರಬ್ಬರು ಗಟ್ಟಿಯಾಗುತ್ತ, ಬಿರುಕು ಬಿಡುತ್ತ ಬರುತ್ತದೆ. ಅದರಲ್ಲೂ ವೈಶಾಖದ ಬಿಸಿಲು 40 ಡಿಗ್ರಿ ದಾಟುವ ಈ ಊರಲ್ಲಿ ಅದರ ಆಯುಷ್ಯ ಇನ್ನೂ ಕಡಿಮೆ. ಅಲಾಯ್ ಜೊತೆ 'ಫ್ರೀ' ಎಂದು ಬರುವ ಬಳಸಿದ ಟೈರು ಪುಕ್ಕಟೆಯಲ್ಲ, ಅದರ ಬೆಲೆ ಬೇರೆ ರೀತಿಯಲ್ಲಿ ವಸೂಲಾಗುತ್ತದೆ.

ಗೆರೆಯ ಆಳಕ್ಕೆ ಕಾನೂನೇ ಇದೆ. ಕಾರಿನ ಟೈರಿಗೆ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಅಳೆಯಲು ಸಲಕರಣೆ ಬೇಡ. ಗೆರೆಯ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬಗಳಿರುತ್ತವೆ. ಟೈರಿನ ಮೈ ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಅದರ ಸೇವೆ ಮುಗಿಯಿತು, ನಿವೃತ್ತಿ ಕೊಡಬೇಕು. ಇನ್ನೊಂದು ಅಂಕಿ ಅಳತೆಯ ಪಕ್ಕದಲ್ಲಿರುತ್ತದೆ. 82 ಟಿ ಎಂದರೆ ಒಂದು ಟೈರು 475 ಕಿಲೋ ಹೊರಬಲ್ಲದು, ತಾಸಿಗೆ 190 ಕಿಲೋಮೀಟರ್ ತಾಳಬಲ್ಲದು. ಮೂಲ ಟೈರಿಗಿಂತ ಕಡಿಮೆ ಅಂಕಿಯದನ್ನು ಹಾಕಿಸಿ, ಡಿಕ್ಕಿಯಲ್ಲಿ ಒಣದ್ರಾಕ್ಷಿ ಪೆಟ್ಟಿಗೆ ತುಂಬಿ ಐದು ಜನ ಕೂತರೆ ಟೈರು ಏನು ಮಾಡೀತು?

ಕೆಂಪು ಬಸ್ಸನ್ನು ಬೈಯದವರಿಲ್ಲ. ಸೀಟು ಹರಿದಿದೆ, ಕಿಟಕಿ ಬಡಿಯುತ್ತದೆ ಎಂಬುದೆಲ್ಲ ಖರೇ. ಆದರೆ ಡಿಪೋದಲ್ಲಿ ಬಸ್ಸಿನ ಟೈರಿಗೂ ನಂಬರಿದೆ, ಎಷ್ಟು ಕಿಲೋಮೀಟರ್ ಓಡಿತೆಂಬ ಲೆಕ್ಕವಿದೆ. ಮಿಂಚುವ ಗಾಲಿಯ ಕಾರಿನ ಯಜಮಾನನಿಗೆ ತನ್ನ ಟೈರು ಹುಟ್ಟಿದ ಇಸವಿ ಕೇಳಿದರೆ ಗೋಲಗುಮ್ಮಟದ ಕಡೆ ನೋಡುತ್ತಾನೆ!

ಕಾಯ್ದೆ ಮತ್ತು ಕರ್ತವ್ಯ

ಕಂಪನಿ ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಕೂಡದೆಂದು ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಆದ್ದರಿಂದ ಕಂಪನಿ ತನ್ನ ಅದೇ ಮಾಡೆಲ್ಲಿನ ಯಾವುದಾದರೂ ನಮೂನೆಗೆ ಕೊಟ್ಟ ಅಳತೆಯೊಳಗೇ ಇರುವುದು ಜಾಣತನ. ವಿಮೆಯವರು ಹಣ ಕೊಡುವ ಹೊತ್ತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ ಎಂಬುದನ್ನೂ ಮರೆಯಬಾರದು. ಫೋರ್ಡ್ ಕಂಪನಿ ಈ ದೇಶದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಸಾರಿತು. ಹೀಗಿರುವಾಗ ಮೂಲ ಡಿಸ್ಕುಗಳನ್ನು ಗುಜರಿಗೆ ಹಾಕದೆ ಮನೆಯ ಅಟ್ಟದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಖಾಸಗಿ ಕಾರು 15 ವರ್ಷ ದಾಟಿದರೆ ನೋಂದಣಿ ನವೀಕರಣಕ್ಕೆ ಆರ್.ಟಿ.ಓ. ಮುಂದೆ ನಿಲ್ಲಲೇಬೇಕು. ಅದರ ಶುಲ್ಕವನ್ನು 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಇಷ್ಟು ವಸೂಲು ಮಾಡಿದ ಮೇಲೆ ಕಾಗದ ನೋಡಿ ಸಿಕ್ಕಾ ಒತ್ತಿದರೆ ಸಾಲದು. ಅಧಿಕಾರಿಗಳು ಒಂದು ನಿಮಿಷ ಬಗ್ಗಿ ಗಾಲಿ ನೋಡಲಿ. ಹೊರಗೆ ಚಾಚಿದೆಯೇ, ಟೈರಿನ ಇಸವಿ ಯಾವುದು, ನಾಲ್ಕೂ ಒಂದೇ ಅಳತೆಯವೇ, ಇಷ್ಟು ನೋಡಲು ವಿಜ್ಞಾನಿ ಬೇಕಿಲ್ಲ. ಟೈರು ವ್ಯಾಪಾರಿಗಳೂ ಬಿಲ್ಲಿನಲ್ಲಿ ಅಳತೆಯ ಜೊತೆ ಹುಟ್ಟಿದ ವಾರ, ಇಸವಿ ಬರೆದು ಕೊಡಲಿ. ಹೊಂದದ ಗಾಲಿಯನ್ನು "ಹೊಂದಂಗಿಲ್ರೀ" ಎನ್ನುವ ಅಂಗಡಿಗೆ ಅಂದು ಒಂದು ಗಿರಾಕಿ ತಪ್ಪಬಹುದು, ಹತ್ತು ವರ್ಷಕ್ಕೆ ನೂರು ಗಿರಾಕಿ ಉಳಿಯುತ್ತಾರೆ.

ಇನ್ನು ಗಾಡಿಯ ಯಜಮಾನ. ಕೈಯಲ್ಲಿರುವ ರೊಕ್ಕಕ್ಕೆ ಒಂದು ಸರದಿ ಇರಲಿ. ಮೊದಲು ಒಂದೇ ಅಳತೆಯ, ಐ.ಎಸ್.ಐ. ಗುರುತಿನ ನಾಲ್ಕು ಹೊಸ ಟೈರು. ಎರಡನೆಯದು ಬ್ರೇಕು. ಮೂರನೆಯದು ಬುಷ್, ಶಾಕ್, ಅಲೈನ್‌ಮೆಂಟ್. ಸ್ಟೆಪ್ನಿಗೂ ಹವಾ ನೋಡಬೇಕು. ಇದೆಲ್ಲ ಮುಗಿದು ಜೇಬಿನಲ್ಲಿ ಉಳಿದರೆ ಅಲಾಯ್, ಅದೂ ಸರಿಯಾದ ವೃತ್ತದ್ದು, ಸರಿಯಾದ ಅಳತೆಯದು. ಕಬ್ಬಿನ ಹಂಗಾಮಿನ ರಾತ್ರಿ ಬಬಲೇಶ್ವರದ ದಾರಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು ಒಮ್ಮೆಲೇ ಕಣ್ಣೆದುರು ಎದ್ದು ನಿಂತಾಗ ಗಾಡಿಯನ್ನು ನಿಲ್ಲಿಸುವುದು ಗಾಲಿಯ ಹೊಳಪಲ್ಲ. ರಸ್ತೆಗೆ ತಾಗಿಕೊಂಡ ಅಂಗೈಯಗಲದ ರಬ್ಬರು.

ಇದೇ ಹುಡುಗರ ಅಜ್ಜಂದಿರು ಸಿದ್ಧೇಶ್ವರ ಜಾತ್ರೆಗೆ ತೊರವಿ ದಾರಿಯಲ್ಲಿ ಬಂಡಿ ಕಟ್ಟಿಕೊಂಡು ಬಂದವರು. ಎತ್ತಿನ ಕೊರಳಿಗೆ ಗೆಜ್ಜೆ, ಕೋಡಿಗೆ ಬಣ್ಣ, ಷೋಕಿ ಅವರಿಗೂ ಇತ್ತು. ಆದರೆ ಹೊರಡುವ ಮುನ್ನ ಅಜ್ಜ ಬಗ್ಗಿ ಗಾಲಿಯ ಕೀಲು ಮುಟ್ಟಿ ನೋಡುತ್ತಿದ್ದ, ಕೀಲೆಣ್ಣೆ ಹಾಕುತ್ತಿದ್ದ, ಆಮೇಲೆ ಗೆಜ್ಜೆ ಕಟ್ಟುತ್ತಿದ್ದ. ಮೊಮ್ಮಗ ಗೆಜ್ಜೆಯನ್ನಷ್ಟೇ ಕಲಿತು ಕೀಲನ್ನು ಮರೆತರೆ ರಸ್ತೆಯ ಅಂಚಿನಲ್ಲಿ ಬಸ್ಸಿಗೆ ಕಾದು ನಿಂತವರ ಗತಿಯೇನು? ಸಂಬಂಧಪಟ್ಟವರು ಯೋಚಿಸಲಿ. ಸಂಬಂಧ ಎಲ್ಲರಿಗೂ ಉಂಟು.