ರಂಗಭೂಮಿಗೆ ಪದವಿ: ಕಲಿಕೆ ಒಂದೆಡೆ, ಅರ್ಹತೆ ಇನ್ನೊಂದೆಡೆ

ಬೆಂಗಳೂರು: ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬಳಿಕ ರಾಜ್ಯದ ಬಹುತೇಕ ಮನೆಗಳಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ವಾಣಿಜ್ಯ ಕೋರ್ಸುಗಳದ್ದೇ ಮಾತು. ಈ ಗದ್ದಲದ ನಡುವೆ ಪ್ರತಿ ವರ್ಷವೂ ಒಂದಷ್ಟು ಮಕ್ಕಳು ‘ನಾಟಕ ಓದುತ್ತೇನೆ’ ಎಂದು ಮನೆಯವರ ಮುಂದೆ ನಿಲ್ಲುತ್ತಾರೆ. ಆಗ ಹೆತ್ತವರಿಂದ ಬರುವ ಪ್ರಶ್ನೆಗಳು ಎರಡು. ನಾಟಕ ಮಾಡಲು ಪದವಿ ಏಕೆ ಬೇಕು? ಪದವಿ ಪಡೆದರೆ ಮುಂದೇನು?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರ ಅಷ್ಟು ಸರಳವಲ್ಲ. ಕರ್ನಾಟಕದಲ್ಲಿ ರಂಗಕಲೆಯ ತರಬೇತಿಗೆ ಹೆಸರಾದ ತಾಣಗಳು ಬಹುಪಾಲು ವಿಶ್ವವಿದ್ಯಾಲಯಗಳ ಹೊರಗಿವೆ. ಉನ್ನತ ವ್ಯಾಸಂಗಕ್ಕೂ ಸರ್ಕಾರಿ ನೌಕರಿಗೂ ಬೇಕಾದ ಪದವಿ ಇರುವುದು ವಿಶ್ವವಿದ್ಯಾಲಯಗಳ ಒಳಗೆ. ಈ ಎರಡರ ನಡುವಿನ ಕಂದರವನ್ನು ದಾಟುವ ಹೊಣೆ ಹದಿನೆಂಟರ ಹರೆಯದ ವಿದ್ಯಾರ್ಥಿಯ ಹೆಗಲಿಗೆ ಬಿದ್ದಿದೆ.

ಹೊರಗೆ ಬೆಳೆದ ಪರಂಪರೆ

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣ ಅವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. 1985ರಲ್ಲಿ ‘ತಿರುಗಾಟ’ ಶುರುವಾಯಿತು. ಅಲ್ಲಿ ಕಲಿತವರು ಊರೂರಿಗೆ ನಾಟಕ ಒಯ್ಯುವಂತಾಯಿತು. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಮೈಸೂರಿನಲ್ಲಿ ರೂಪುಗೊಂಡ ರಂಗಾಯಣವೂ ನಾಟಕ ಪ್ರದರ್ಶನದ ಜೊತೆಗೆ ಡಿಪ್ಲೊಮಾ ತರಬೇತಿಗೆ ಕೈಹಾಕಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರಗಳೂ ಇದೇ ಸಾಲಿಗೆ ಸೇರುತ್ತವೆ.

ಇಂಥ ಶಾಲೆಗಳ ಬಲ ಇರುವುದು ದಿನಚರಿಯಲ್ಲಿ. ಬೆಳಿಗ್ಗೆ ದೇಹ ಮತ್ತು ಧ್ವನಿಯ ಅಭ್ಯಾಸ, ಹಗಲಿನಲ್ಲಿ ಪಾಠ, ಸಂಜೆ ತಾಲೀಮು. ರಂಗಸಜ್ಜಿಕೆ ಕಟ್ಟುವವರು, ಬೆಳಕು ಹೊಂದಿಸುವವರು, ಪ್ರಸಾಧನ ಮಾಡುವವರು ಎಲ್ಲರೂ ವಿದ್ಯಾರ್ಥಿಗಳೇ. ಪರೀಕ್ಷೆ ಎಂದರೆ ಪ್ರೇಕ್ಷಕರೆದುರಿನ ಪ್ರದರ್ಶನ.

ದುರ್ಬಲತೆಯೂ ಸ್ಪಷ್ಟವಾಗಿದೆ. ಈ ಕೋರ್ಸುಗಳ ಅವಧಿ ಹೆಚ್ಚೆಂದರೆ ಒಂದು ವರ್ಷದ ಆಸುಪಾಸು. ಕೊನೆಗೆ ಸಿಗುವ ಪತ್ರಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಇದ್ದರೂ ಅದು ಪದವಿಯಾಗದು. ಪಿಯುಸಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದ ವಿದ್ಯಾರ್ಥಿ ಎಷ್ಟೇ ಪ್ರತಿಭಾವಂತನಾದರೂ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುವಂತಿಲ್ಲ. ಪದವಿ ಕೇಳುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಕೂರುವಂತಿಲ್ಲ.

ದೆಹಲಿಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾಟಕ ಶಾಲೆಯ ನಿಯಮವೂ ಇದಕ್ಕೆ ಹೊರತಲ್ಲ. ಅದರ ಮೂರು ವರ್ಷಗಳ ಕೋರ್ಸಿಗೆ ಸೇರಲು ರಂಗಾನುಭವದ ಜೊತೆಗೆ ಯಾವುದಾದರೊಂದು ವಿಷಯದಲ್ಲಿ ಪದವಿ ಇರಬೇಕು. ಆ ಪದವಿ ನಾಟಕದ್ದೇ ಆಗಬೇಕೆಂದಿಲ್ಲ. ಅಂದರೆ ಒಂದು ವರ್ಷ ಹೆಗ್ಗೋಡಿನಲ್ಲಿ ದುಡಿದು ಪದವಿ ಕೈಬಿಟ್ಟವನಿಗಿಂತ ಬಿ.ಕಾಂ. ಮುಗಿಸಿ ಹವ್ಯಾಸಿ ತಂಡದಲ್ಲಿ ಪಾತ್ರ ಮಾಡಿದವನೇ ಅಲ್ಲಿ ಅರ್ಹ.

ಪದವಿಯ ಮಹತ್ವವನ್ನು ಹಳೆಯ ಕಂಪನಿ ನಾಟಕದವರೂ ಅರಿತಿದ್ದರು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ ಕಾರಂತರನ್ನು ಎಂ.ಎ. ಓದಲು ಬನಾರಸಿಗೆ ಕಳುಹಿಸಿದವರು ಗುಬ್ಬಿ ವೀರಣ್ಣನವರೇ. ಅದೇ ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಬಳಿಕ ಅದರ ನಿರ್ದೇಶಕರೂ ಆದರು.

ಒಳಗಿನ ಇಕ್ಕಟ್ಟು

ಹಾಗಾದರೆ ನಾಟಕದಲ್ಲೇ ಪದವಿ ಪಡೆಯುವ ದಾರಿ ಇಲ್ಲವೇ? ಇದೆ. ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗಾಗಿಯೇ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವಿದೆ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿನಲ್ಲೂ ನಾಟಕ ಅಧ್ಯಯನದ ವಿಷಯ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಬಿ.ಎ.ಯಲ್ಲಿ ಇಂಗ್ಲಿಷ್, ಮನಃಶಾಸ್ತ್ರದಂಥ ವಿಷಯಗಳ ಜೊತೆಗೆ ಪ್ರದರ್ಶಕ ಕಲೆಯನ್ನು ಜೋಡಿಸಿವೆ.

ಆದರೆ ಪದವಿ ತರಗತಿಯ ವೇಳಾಪಟ್ಟಿ ರಂಗಭೂಮಿಗೆ ಒಗ್ಗುವುದು ಕಷ್ಟ. ಒಂದು ಗಂಟೆಯ ಪೀರಿಯಡ್‌ನಲ್ಲಿ ನಾಟ್ಯಶಾಸ್ತ್ರದ ಪಾಠ ಮಾಡಬಹುದು, ತಾಲೀಮು ನಡೆಸಲಾಗದು. ನಟರು ಮೈ ಸಡಿಲಿಸಿ ಪಾತ್ರಕ್ಕಿಳಿಯುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಮೂರು ಗಂಟೆಯ ಲಿಖಿತ ಪರೀಕ್ಷೆ ಅಭಿನಯವನ್ನು ಅಳೆಯಲಾರದು. ಹಲವು ಕಾಲೇಜುಗಳಲ್ಲಿ ಸಭಾಂಗಣವುಂಟು, ರಂಗಮಂದಿರವಿಲ್ಲ.

ಪಠ್ಯಕ್ರಮದ ಅಸ್ಥಿರತೆ ಇನ್ನೊಂದು ತೊಡಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ರಾಜ್ಯ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಗೆ ಹೊರಳಿತು. ಮುಕ್ತ ಆಯ್ಕೆಯ ವಿಷಯಗಳ ಮೂಲಕ ಕಲೆಗಳಿಗೂ ಜಾಗ ದೊರೆತೀತೆಂಬ ನಿರೀಕ್ಷೆ ಆಗ ಮೂಡಿತ್ತು. ಮೂರೇ ವರ್ಷಗಳಲ್ಲಿ, ಅಂದರೆ 2024ರಲ್ಲಿ, ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ರಾಜ್ಯ ಸರ್ಕಾರ ಮೂರು ವರ್ಷಗಳ ಪದವಿಗೇ ಮರಳಿತು. ಎರಡೂ ನಿರ್ಧಾರಗಳಿಗೆ ಅವುಗಳದೇ ಕಾರಣಗಳಿರಬಹುದು. ಆದರೆ ಪಠ್ಯಕ್ರಮ ಪದೇ ಪದೇ ಬದಲಾದರೆ ಕಾಯಂ ಅಧ್ಯಾಪಕರು ಕಡಿಮೆ ಇರುವ ಸಣ್ಣ ವಿಭಾಗಗಳೇ ಮೊದಲು ತತ್ತರಿಸುತ್ತವೆ.

ಯಾರಿಗೆ ಯಾವ ದಾರಿ?

ಇದರ ಸಾಮಾಜಿಕ ಪರಿಣಾಮವನ್ನು ಕಡೆಗಣಿಸುವಂತಿಲ್ಲ. ಶುಲ್ಕ ತೆರಬಲ್ಲ, ಇಂಗ್ಲಿಷ್ ಬಲ್ಲ ನಗರದ ವಿದ್ಯಾರ್ಥಿ ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಟಕವನ್ನೂ ಪದವಿಯನ್ನೂ ಒಟ್ಟಿಗೇ ಪಡೆಯುತ್ತಾನೆ. ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದ ಹುಡುಗ ಅಥವಾ ಹುಡುಗಿಗೆ ಇರುವ ಆಯ್ಕೆ ಎರಡರಲ್ಲೊಂದು. ಒಳ್ಳೆಯ ತರಬೇತಿ ಪಡೆದು ಪದವಿಯಿಲ್ಲದೆ ಉಳಿಯಬೇಕು, ಇಲ್ಲವೇ ಮೂರು ವರ್ಷ ಬೇರೇನನ್ನೋ ಓದಿ ಆಮೇಲೆ ರಂಗಶಾಲೆಗೆ ಬರಬೇಕು. ಮನೆಯಲ್ಲಿ ಮದುವೆಯ ಮಾತು ಶುರುವಾದ ಹೆಣ್ಣುಮಗಳಿಗೆ ಆ ‘ಆಮೇಲೆ’ ಬಾರದೆಯೂ ಹೋಗಬಹುದು.

ಪದವಿ ಇದ್ದರೆ ಪಾತ್ರ ಸಿಗುತ್ತದೆ ಎಂದೇನೂ ಇಲ್ಲ. ಧಾರಾವಾಹಿಯ ಸೆಟ್‌ನಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ರಂಗಾಯಣ, ತಿರುಗಾಟಗಳಲ್ಲಿ ಸಿಗುವ ಅವಕಾಶ ಕೆಲವರಿಗಷ್ಟೇ. ಪದವಿಯ ಬೆಲೆ ತಿಳಿಯುವುದು ನಟನೆಯಿಂದಲೇ ಹೊಟ್ಟೆ ತುಂಬದೆಂದು ಅರಿವಾದಾಗ. ಎಂ.ಎ. ಓದಲು, ಸಂಶೋಧನೆ ಮಾಡಲು, ಕಾಲೇಜಿನಲ್ಲಿ ಕಲಿಸಲು ಅದು ಬೇಕು. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ನೃತ್ಯ, ನಾಟಕ, ರಂಗಭೂಮಿ ಒಳಗೊಂಡ ಪ್ರತ್ಯೇಕ ವಿಷಯವೇ ಇದೆ. ಬಿ.ಇಡಿ. ಮಾಡುವ ಆಲೋಚನೆ ಇರುವವರು ತಮ್ಮ ಪದವಿಯಲ್ಲಿ ಅದಕ್ಕೆ ಬೇಕಾದ ಶಾಲಾ ವಿಷಯಗಳಿವೆಯೇ ಎಂದು ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಬೆಸೆಯುವುದು ಸಾಧ್ಯ

ನೆರೆಯ ಕೇರಳದಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ 1977ರಲ್ಲೇ ಜಿ. ಶಂಕರ ಪಿಳ್ಳೈ ಅವರ ನೇತೃತ್ವದಲ್ಲಿ ತ್ರಿಶ್ಶೂರಿನಲ್ಲಿ ನಾಟಕ ಶಾಲೆ ತೆರೆಯಿತು. ಮುಖ್ಯ ಕ್ಯಾಂಪಸ್ಸಿನಿಂದ ದೂರದಲ್ಲಿ, ತನ್ನದೇ ಆವರಣದಲ್ಲಿ ಬೆಳೆದ ಈ ಶಾಲೆ ರಂಗಕಲೆಯಲ್ಲಿ ಪದವಿಯನ್ನೇ ನೀಡಿತು. ರಂಗಶಾಲೆಯ ಶಿಸ್ತು ಮತ್ತು ವಿಶ್ವವಿದ್ಯಾಲಯದ ಪದವಿ ಜೊತೆಗೂಡಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಕರ್ನಾಟಕ ಹೊಸ ಕಟ್ಟಡ ಕಟ್ಟಬೇಕಾಗಿಯೂ ಇಲ್ಲ. ರಾಷ್ಟ್ರೀಯ ನಾಟಕ ಶಾಲೆಯ ಡಿಪ್ಲೊಮಾವನ್ನು ಅಧ್ಯಾಪಕ ಹುದ್ದೆಯ ಮಟ್ಟಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಎಂ.ಎ.ಗೆ ಸಮಾನವೆಂದು ಪರಿಗಣಿಸಿದೆ. 2021ರಲ್ಲಿ ಜಾರಿಗೆ ಬಂದ ಅಕಾಡೆಮಿಕ್ ಕ್ರೆಡಿಟ್ ಬ್ಯಾಂಕ್, ಒಂದು ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಇನ್ನೊಂದಕ್ಕೆ ವರ್ಗಾಯಿಸುವ ತತ್ವವನ್ನು ಒಪ್ಪಿಕೊಂಡಿದೆ. ಪಿಎಚ್‌.ಡಿ. ಇಲ್ಲದ ಅನುಭವಿಗಳನ್ನೂ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ನೇಮಿಸಿಕೊಳ್ಳಲು ಯುಜಿಸಿ 2022ರಲ್ಲಿ ಅವಕಾಶ ಕೊಟ್ಟಿದೆ. ಅಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ 10ನ್ನು ಮೀರಬಾರದು, ಅಷ್ಟೆ.

ಇವನ್ನೆಲ್ಲ ಒಟ್ಟುಗೂಡಿಸಿದರೆ ದಾರಿ ಕಾಣುತ್ತದೆ. ರಂಗಶಾಲೆಯಲ್ಲಿ ಕಳೆದ ವರ್ಷವನ್ನು ಪದವಿಯ ಒಂದು ವರ್ಷವೆಂದು ಪರಿಗಣಿಸಿ, ಉಳಿದ ಎರಡು ವರ್ಷ ಸಾಹಿತ್ಯ, ಇತಿಹಾಸ, ರಂಗಭೂಮಿಯ ಸಿದ್ಧಾಂತಗಳನ್ನು ಕಾಲೇಜಿನಲ್ಲಿ ಓದಿಸಬಹುದು. ಇದಕ್ಕೆ ಉನ್ನತ ಶಿಕ್ಷಣ ಇಲಾಖೆಯೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಒಂದೇ ಮೇಜಿನ ಸುತ್ತ ಕುಳಿತು ಮಾತನಾಡಬೇಕು. ರಂಗಶಾಲೆಗಳು ಹಾಜರಾತಿ, ಮೌಲ್ಯಮಾಪನದ ಲೆಕ್ಕ ಒಪ್ಪಿಸಲು ಸಿದ್ಧವಿರಬೇಕು. ತಾಲೀಮೂ ಓದೇ ಎಂದು ವಿಶ್ವವಿದ್ಯಾಲಯಗಳು ಒಪ್ಪಬೇಕು.

ಅಲ್ಲಿಯವರೆಗೆ ನಾಟಕ ಓದುತ್ತೇನೆಂದು ಹೊರಟ ವಿದ್ಯಾರ್ಥಿಗೆ ಹಿರಿಯರು ಹೇಳಬಹುದಾದ ಮಾತು ಇಷ್ಟೇ: ರಂಗಶಾಲೆಗೆ ಹೋಗು, ಪದವಿಯನ್ನೂ ಬಿಡಬೇಡ. ಆದರೆ ಇದು ಅವನ ಬದುಕಿನ ನಾಲ್ಕು ವರ್ಷ ಬೇಡುವ ಸಲಹೆ. ಆ ನಾಲ್ಕನ್ನು ಮೂರಕ್ಕಿಳಿಸುವುದು ಸರ್ಕಾರದ ಕೈಯಲ್ಲಿದೆ.