ಬಯಲಿನಲ್ಲಿ ಬೆಟ್ಟದ ಉದ್ಯಾನವೆ?

ಖಾಸಗಿ ಉದ್ಯಾನಗಳನ್ನು ನೋಡಹೋಗುವ ಪದ್ಧತಿ ಒಳ್ಳೆಯದೇ. ಆದರೆ ಹೋದವರು ಏನನ್ನು ಮೆಚ್ಚಿ ಬರುತ್ತಾರೆಂಬುದು ವಿಚಾರಾರ್ಹವಾದುದು. ಕತ್ತರಿಸಿದ ಹುಲ್ಲುಹಾಸು, ನಡುವೆ ಕಾರಂಜಿ, ಸುತ್ತ ಪರದೇಶದ ಹೂಗಿಡಗಳು, ಇಷ್ಟಿದ್ದರೆ ಉದ್ಯಾನ, ಇಲ್ಲದಿದ್ದರೆ ಬರಿಯ ಪೊದೆ ಎಂಬ ಭಾವನೆ ಕಡೂರು, ಅಜ್ಜಂಪುರಗಳ ಬಯಲಿನಲ್ಲಿಯೂ ಬೇರೂರಿದೆ. ಇದು ಬರಿಯ ಅಭಿರುಚಿಯ ದೋಷವಲ್ಲ, ನೆರೆಹೊರೆಗೆ ಕೇಡು.

ಮಾದರಿ ಯಾವುದೆಂದು ಕೇಳಿದರೆ ಎಲ್ಲರ ಬೆರಳೂ ಕೆಮ್ಮಣ್ಣುಗುಂಡಿಯತ್ತ ತಿರುಗುತ್ತದೆ. ತರೀಕೆರೆ ತಾಲ್ಲೂಕಿನ ಆ ಗಿರಿಧಾಮ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾಗಿದ್ದು, 1942ರಲ್ಲಿ ತೋಟಗಾರಿಕೆ ಇಲಾಖೆಯ ವಶಕ್ಕೆ ಬಂದಿತು. ಅರಸರ ವಿಹಾರಸ್ಥಾನ ಸಾರ್ವಜನಿಕರದಾದುದು ಶ್ಲಾಘ್ಯವೇ. ಆದರೆ ಅಲ್ಲಿ ಮುಂಗಾರು ತಿಂಗಳುಗಟ್ಟಲೆ ಸುರಿಯುತ್ತದೆ. ಮುಗಿಲು ನೆಲಕ್ಕಿಳಿದು ಗಿಡಗಳನ್ನು ತೋಯಿಸುತ್ತದೆ. ಸಮೀಪದ ಹೆಬ್ಬೆಯ ಅಬ್ಬಿ ತಾನಾಗಿಯೇ ಧುಮುಕುತ್ತದೆ. ಬಾಬಾಬುಡನ್ ಗಿರಿಸಾಲಿನ ಮರೆಯಲ್ಲಿ ಮಳೆಗೆ ಬಾಯ್ದೆರೆದು ಕುಳಿತಿರುವ ಕಡೂರಿಗೆ ಆ ಭಾಗ್ಯವೆಲ್ಲಿ?

ಬಯಲಿನ ಹಿರಿಯರು ನೀರಿನ ಚೆಲುವನ್ನು ಅರಿಯದವರಾಗಿರಲಿಲ್ಲ. ಗಿರಿಯಿಂದಿಳಿವ ನೀರನ್ನು ತಡೆದು ನಿಲ್ಲಿಸಿದ ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ, ಜನಪದದ ಬಾಯಲ್ಲಿ ಹೆಸರಾದ ಮದಗದ ಕೆರೆಯಲ್ಲಿ, ಅಂದವೂ ಅನ್ನವೂ ಒಂದೇ ಏರಿಯ ಹಿಂದೆ ನಿಂತಿವೆ. ಕಾರಂಜಿಯ ನೀರಾದರೋ ಕೊಳವೆಬಾವಿಯಿಂದ ಮೇಲೆದ್ದು ಗಾಳಿಬಿಸಿಲುಗಳ ಪಾಲಾಗುತ್ತದೆ.

‘ನೆಲ ನನ್ನದು, ನೀರೂ ನನ್ನದು’ ಎನ್ನುವ ಒಡೆಯರುಂಟು. 1882ರ ಈಸ್‌ಮೆಂಟ್ ಕಾನೂನು ತನ್ನ ಎಲ್ಲೆಯೊಳಗಿನ ಅಂತರ್ಜಲವನ್ನು ಎತ್ತಿಕೊಳ್ಳುವ ಹಕ್ಕನ್ನು ಭೂಮಾಲಿಕನಿಗೆ ಕೊಟ್ಟುದೂ ನಿಜ. ಆದರೆ ಅದು ಎತ್ತುಗಳು ಕಪಿಲೆಯೆಳೆಯುತ್ತಿದ್ದ ಕಾಲ; ನೂರಾರು ಅಡಿ ಕೊರೆದು ವಿದ್ಯುತ್ತಿನಿಂದ ಹೀರುವ ಕಾಲವಲ್ಲ. ಬೇಲಿಯಿರುವುದು ನೆಲದ ಮೇಲೆ. ಕೆಳಗಿನ ನೀರಿಗೆ ಯಾವ ಬೇಲಿ? ಇಲ್ಲಿ ಕಾರಂಜಿ ಚಿಮ್ಮುತ್ತಿದ್ದರೆ ಅತ್ತ ನೆರೆಯವನ ತೆಂಗು ಸುಳಿಯೊಣಗೀತು.

ಇನ್ನು ಗಿಡಗಳ ಮಾತು. ಯುಗಾದಿಗೆ ಮುನ್ನ ಎಲೆಯುದುರಿಸಿ ಕೆಂಡದಂತೆ ಅರಳುವ ಮುತ್ತುಗ, ಬಿರುಬೇಸಗೆಯಲ್ಲಿ ಹೊನ್ನಿನ ಗೊಂಚಲು ಇಳಿಬಿಡುವ ಕಕ್ಕೆ, ಕಲ್ಲುನೆಲದಲ್ಲಿಯೂ ಹಳದಿ ಚೆಲ್ಲುವ ತಂಗಡಿ, ದಾರಿಹೋಕರಿಗೆ ನೆರಳೀವ ಹೊಂಗೆ, ಇವೇನು ಕಣ್ಣಿಗೆ ಹಬ್ಬವಲ್ಲವೆ? ಹೊರಗಿನ ಗಿಡಗಳೆಲ್ಲ ವರ್ಜ್ಯವೆಂದಲ್ಲ. ಮಡಗಾಸ್ಕರಿನ ಗುಲ್‌ಮೊಹರು ಯಾರಿಗೂ ಕೇಡು ಮಾಡಿದಂತೆ ಕಾಣದು. ಆದರೆ ಅಲಂಕಾರಕ್ಕೆಂದು ಅಮೆರಿಕದಿಂದ ಬಂದ ಲಂಟಾನ ಕಾಡು ಗೋಮಾಳಗಳನ್ನು ನುಂಗಿದುದನ್ನು ಮರೆಯುವುದೆಂತು?

ಹುಲ್ಲನ್ನೇ ನೋಡಬೇಕೆನ್ನುವವರಿಗೆ ಅಮೃತಮಹಲ್ ಕಾವಲುಗಳಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ನೆಲೆಯೆಂದು ರಕ್ಷಣೆ ಪಡೆಯಿತು. ಅಲ್ಲಿಯ ಹುಲ್ಲಿಗೆ ಯಾರೂ ಕೊಳವೆಯಿಂದ ನೀರೆರೆಯುವುದಿಲ್ಲ. ಅದನ್ನು ‘ಬೀಳು’ ಎಂದು ಹಳಿಯುವ ಬಾಯಿಯೇ ಅಂಗೈಯಗಲದ ಹುಲ್ಲುಹಾಸಿನ ಮುಂದೆ ಬೆರಗಿನಿಂದ ತೆರೆದು ನಿಲ್ಲುತ್ತದೆ!

ಉದ್ಯಾನ ಮಾಡಿಸುವವರು ಹೊಲದ ತಗ್ಗಿನಲ್ಲಿ ಮಳೆಯ ನೀರಿಗೊಂದು ಕೊಳ ತೋಡಿಸಲಿ. ನೀರಿರುವಷ್ಟು ದಿನ ನೈದಿಲೆ ಅರಳಲಿ, ಬೇಸಗೆಯಲ್ಲಿ ಅದು ಬತ್ತಿದರೆ ಬತ್ತಲಿ. ನೋಡಹೋಗುವವರು ಹೂವನ್ನು ಹೊಗಳುವ ಮೊದಲು ನೀರು ಎಲ್ಲಿಯದೆಂದು ಒಡೆಯರನ್ನು ಕೇಳಲಿ.