ಇಪ್ಪತ್ತೈದು ನಿಮಿಷದ ಆಲ್ಬಮ್, ಸಂಜೆ ನಾಲ್ಕರ ವೇದಿಕೆ

ಹಾಡೊಂದನ್ನು ಮಾಡಿ ಲೋಕದ ಮುಂದಿಡುವುದು ಇವತ್ತಿನಷ್ಟು ಸಲೀಸು ಯಾವತ್ತೂ ಇರಲಿಲ್ಲ. ಮಲಗುವ ಕೋಣೆಯಲ್ಲೇ ಮೈಕು, ಲ್ಯಾಪ್‌ಟಾಪು ಇಟ್ಟುಕೊಂಡು ರೆಕಾರ್ಡ್ ಮಾಡಿ, ಸಣ್ಣದೊಂದು ಶುಲ್ಕ ಕಟ್ಟಿದರೆ ಕೆಲವೇ ದಿನಗಳಲ್ಲಿ ಅದು ಎಲ್ಲ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೂ ಸಿಗುತ್ತದೆ. ಹೀಗೆ ಜಗತ್ತಿನಾದ್ಯಂತ ದಿನವೊಂದಕ್ಕೆ 1 ಲಕ್ಷದಷ್ಟು ಹಾಡುಗಳು ಬಂದು ಬೀಳುತ್ತಿವೆ. ಅಷ್ಟರ ನಡುವೆ ಧಾರವಾಡದ್ದೋ ಮಂಗಳೂರಿನದ್ದೋ ಒಂದು ಹೊಸ ತಂಡದ ದನಿ ಕೇಳುಗರ ಕಿವಿಗೆ ಬೀಳುವುದು ಮಾತ್ರ ಹಿಂದೆಂದಿಗಿಂತ ಕಷ್ಟವಾಗಿದೆ. ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಹಾಡನ್ನು ಒಂದು ಸಲ ಕೇಳಿದಂತೆ. 2024ರಿಂದ, ಹಿಂದಿನ 12 ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಆ ಕಂಪನಿ ಹಣವನ್ನೇ ಕೊಡುವುದಿಲ್ಲ. ಹಾಡು ಕಟ್ಟುವವರು ಇದಕ್ಕೆ ತಕ್ಕಂತೆ ಬದಲಾಗಿದ್ದಾರೆ. ಮೊದಲಿನ ವಾದ್ಯದ ಭಾಗ ಮೊಟಕಾಗುತ್ತದೆ, ಪಲ್ಲವಿ ಮುಂದಕ್ಕೆ ಬರುತ್ತದೆ, ರೀಲ್ಸ್‌ಗೆ ಒಗ್ಗುವ ಹದಿನೈದು ಸೆಕೆಂಡಿನ ತುಣುಕೇ ಹಾಡಿನ ಹಣೆಬರಹ ಬರೆಯುತ್ತದೆ. ಇಂಥ ಹೊತ್ತಿನಲ್ಲಿ ಸ್ವತಂತ್ರ ಸಂಗೀತಗಾರರನ್ನು ಕಂಡುಕೊಳ್ಳಲು ನಂಬಬಹುದಾದ ದಾರಿ ಎರಡು ಹೆಜ್ಜೆಯದು: ನಾಲ್ಕೈದು ಹಾಡಿನ ಕಿರು ಆಲ್ಬಮ್, ಆಮೇಲೆ ಊರಿನ ವೇದಿಕೆ. ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಬಲವಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಾರೆ. ಸಂಗೀತಗಾರರ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ. ಒಂದು ಹಾಡು ಅದೃಷ್ಟದಿಂದಲೂ ಚೆನ್ನಾಗಿ ಬಂದಿರಬಹುದು, ಬೇರೆ ಯಾರದ್ದೋ ಕೈಚಳಕದಿಂದಲೂ ಮಿಂಚಿರಬಹುದು. ನಾಲ್ಕೈದು ಹಾಡುಗಳನ್ನು ಸಾಲಾಗಿ ಕೇಳಿದಾಗ ಆ ವ್ಯಕ್ತಿಯ ಹಿಡಿತ ಎಷ್ಟು ಎಂಬುದು ಗೊತ್ತಾಗುತ್ತದೆ. ನಿಧಾನದ ಹಾಡನ್ನೂ ನಿಭಾಯಿಸಬಲ್ಲರೇ, ಸಾಹಿತ್ಯ ಬರೆಯುವಾಗ ಹಳೆಯ ಮಾತನ್ನೇ ತಿರುಗಿಸುತ್ತಿದ್ದಾರೆಯೇ, ಮೊದಲ ಹಾಡಿನ ತಾಳ ನಾಲ್ಕನೆಯದಕ್ಕೂ ನುಸುಳಿದೆಯೇ ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಸಂಗೀತೋದ್ಯಮ ಇಪಿ ಎಂದು ಕರೆಯುವುದು ಇದನ್ನೇ. ಸಾಮಾನ್ಯವಾಗಿ 4ರಿಂದ 6 ಹಾಡು, ಒಟ್ಟು 30 ನಿಮಿಷದೊಳಗೆ. ಸ್ಟುಡಿಯೊದಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ, ಡ್ರಮ್ಸ್ ರೆಕಾರ್ಡಿಂಗ್‌ಗೆ ಬೇರೆ ಕೊಠಡಿ, ಮಿಕ್ಸಿಂಗ್ ಮಾಸ್ಟರಿಂಗ್‌ಗೆ ಹಾಡಿಗಿಷ್ಟು ಎಂದು ಖರ್ಚು. ಸಂಬಳದ ಕೆಲಸದಲ್ಲಿದ್ದುಕೊಂಡು ಸಂಗೀತ ನಡೆಸುವ ನಾಲ್ವರ ತಂಡಕ್ಕೆ ಹನ್ನೆರಡು ಹಾಡಿನ ಆಲ್ಬಮ್ ಎಂದರೆ ವರ್ಷಗಟ್ಟಲೆ ಕಾಯುವ ಕನಸು. ಐದು ಹಾಡು ಈ ವರ್ಷವೇ ಆಗುವ ಮಾತು.

ಹಾಡಿನ ಸಂಖ್ಯೆ ಕಡಿಮೆಯಾಗುತ್ತಿರುವುದು ಕೇಳುಗರ ತಾಳ್ಮೆ ಕುಗ್ಗಿರುವುದರ ಗುರುತು, ದೊಡ್ಡ ಆಲ್ಬಮ್ಮಿನ ಆಳ ಇದರಲ್ಲಿ ಬಾರದು ಎಂಬ ಆಕ್ಷೇಪವಿದೆ. ದೊಡ್ಡ ಆಲ್ಬಮ್ಮಿನ ಘನತೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಿತಿಯೊಳಗೆ ಕಟ್ಟುವುದು ಧ್ವನಿಮುದ್ರಣದ ಇತಿಹಾಸದಷ್ಟೇ ಹಳೆಯ ಅಭ್ಯಾಸ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ಗಂಟೆಗಟ್ಟಲೆ ಹರಡಬಹುದಾದ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಿದ್ದರು. ಮುಂದೆ ನಮ್ಮ ಸಿನಿಮಾ ಹಾಡುಗಳೇ ನಾಲ್ಕು ನಾಲ್ಕಾಗಿ ಸಣ್ಣ ಇಪಿ ತಟ್ಟೆಗಳಲ್ಲಿ ಮನೆಮನೆಗೆ ಬಂದವು. ಅವುಗಳಿಗೆ ಆಳವಿರಲಿಲ್ಲ ಎಂದು ಯಾರೂ ಹೇಳಲಾರರು.

ಕನ್ನಡದ ಮಟ್ಟಿಗೆ ಇನ್ನೂ ಗಟ್ಟಿಯಾದ ಸಾಕ್ಷಿ ಇದೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಸಿನಿಮಾದ ನೆರವಿಲ್ಲದೆ, ನಾಯಕ ನಾಯಕಿಯರ ಮುಖವಿಲ್ಲದೆ, ಕವಿತೆ ಮತ್ತು ದನಿ ಎರಡನ್ನೇ ನಂಬಿಕೊಂಡು ಅದು ಜನರನ್ನು ತಲುಪಿತು. ಅನಂತಸ್ವಾಮಿಯವರಿಗೂ ಮುಂಚೆ ಪಿ. ಕಾಳಿಂಗರಾಯರು ಊರೂರ ವೇದಿಕೆಗಳಲ್ಲಿ ಭಾವಗೀತೆಗೆ ಕಿವಿ ಹದಮಾಡಿಟ್ಟಿದ್ದರು. ಆಮೇಲೆ ಸಿ. ಅಶ್ವತ್ಥ್ ಶಿಶುನಾಳ ಶರೀಫರ ತತ್ತ್ವಪದಗಳನ್ನು ಕ್ಯಾಸೆಟ್ಟಿನಲ್ಲೂ ವೇದಿಕೆಯಲ್ಲೂ ಹಾಡಿ ಹಾಡಿ, 2005ರ ‘ಕನ್ನಡವೇ ಸತ್ಯ’ ಕಾರ್ಯಕ್ರಮದ ಹೊತ್ತಿಗೆ ಬೆಂಗಳೂರಿನ ಅರಮನೆ ಮೈದಾನವನ್ನೇ ತುಂಬಿಸಿದರು. ಕನ್ನಡಿಗರು ಸಿನಿಮಾ ಹಾಡು ಬಿಟ್ಟು ಬೇರೆ ಕೇಳುವುದಿಲ್ಲ ಎನ್ನುವವರು ಈ ಮೂವರನ್ನು ಮರೆತಿದ್ದಾರೆ. ಕೇಳುಗರು ತಾವಾಗಿ ಹುಟ್ಟಿಕೊಂಡವರಲ್ಲ, ಕ್ಯಾಸೆಟ್ಟು ಮತ್ತು ವೇದಿಕೆ ಸೇರಿ ಅವರನ್ನು ಬೆಳೆಸಿದವು.

ವೇದಿಕೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಉತ್ಸವದಲ್ಲಿ ಹೊಸ ತಂಡಕ್ಕೆ ಸಿಗುವುದು ಸಾಮಾನ್ಯವಾಗಿ ಸಂಜೆ ನಾಲ್ಕರ ಬಿಸಿಲಿನ ಹೊತ್ತು, ಅರ್ಧ ಗಂಟೆ. ಹಿಂದಿನ ತಂಡ ಇಳಿದ ಮೇಲೆ ಹತ್ತು ಹದಿನೈದು ನಿಮಿಷದಲ್ಲಿ ಕೇಬಲ್ ಬದಲಿಸಬೇಕು, ಡ್ರಮ್ಸ್ ಸರಿಪಡಿಸಿಕೊಳ್ಳಬೇಕು, ಮಾನಿಟರ್‌ನಲ್ಲಿ ತಮ್ಮ ದನಿ ತಮಗೇ ಕೇಳಿಸದಿದ್ದರೆ ಎಂಜಿನಿಯರ್‌ಗೆ ಕೈಸನ್ನೆ ಮಾಡುತ್ತಲೇ ಮೊದಲ ಹಾಡು ಶುರುಮಾಡಬೇಕು. ಮುಂದೆ ನಿಂತವರಲ್ಲಿ ಅರ್ಧ ಜನ ರಾತ್ರಿಯ ದೊಡ್ಡ ಹೆಸರಿಗಾಗಿ ಬಂದವರು. ಅವರನ್ನು ಎರಡನೇ ಹಾಡಿನವರೆಗೆ ನಿಲ್ಲಿಸಿಕೊಳ್ಳುವುದೇ ಪರೀಕ್ಷೆ. ಇಲ್ಲಿ ಟ್ಯೂನ್ ಸರಿಮಾಡುವ ಸಾಫ್ಟ್‌ವೇರ್ ಇಲ್ಲ, ಇನ್ನೊಂದು ಟೇಕ್ ಇಲ್ಲ. ಕಿರು ಆಲ್ಬಮ್ಮಿನ ಅಳತೆಯೂ ಈ ಅರ್ಧ ಗಂಟೆಯ ಅಳತೆಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕೇಳುಗರು ಮನೆಗೆ ಹೋಗಿ ಹುಡುಕಿದಾಗ ತಾವು ಕೇಳಿದ್ದೇ ಇಡಿಯಾಗಿ ಸಿಗುತ್ತದೆ. ಆ್ಯಪ್ ತಾನಾಗಿ ಮುಂದಿನ ಹಾಡಿಗೆ ಜಾರಿಸಿದಾಗ ಹಾಡಿದವರ ಹೆಸರೂ ನೆನಪಿರುವುದಿಲ್ಲ. ನಿಂತು ಕೇಳಿದವರು ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ.

ಒಳ್ಳೆಯ ಹಾಡು ಹೇಗಿದ್ದರೂ ಗೆಲ್ಲುತ್ತದೆ, ಹನುಮಾನ್‌ಕೈಂಡ್ ಅವರನ್ನು ನೋಡಿ ಎನ್ನುವವರಿದ್ದಾರೆ. 2024ರ ಜುಲೈನಲ್ಲಿ ಬಂದ ‘ಬಿಗ್ ಡಾಗ್ಸ್’ ಇಂಟರ್‌ನೆಟ್ಟಿನಲ್ಲಿ ಹಬ್ಬಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೂ ಏರಿದ್ದು ನಿಜ. ಆದರೆ ಬೆಂಗಳೂರನ್ನು ನೆಲೆ ಮಾಡಿಕೊಂಡ ಈ ರ‍್ಯಾಪರ್ ಎನ್‌ಎಚ್7 ವೀಕೆಂಡರ್ ಉತ್ಸವದ ವೇದಿಕೆ ಹತ್ತಿದ್ದು, ‘ಕಳರಿ’ ಎಂಬ ಮೊದಲ ಇಪಿ ತಂದದ್ದು 2019ರಲ್ಲಿ. ರಾತ್ರೋರಾತ್ರಿ ಎನಿಸುವ ಗೆಲುವಿನ ಹಿಂದೆ ಐದು ವರ್ಷ ಇತ್ತು. ರಘು ದೀಕ್ಷಿತ್ ಅವರದೂ ಇಂಥದೇ ದಾರಿ. ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಗಿಟಾರು, ಪಿಟೀಲಿನ ಜೊತೆ ಹಾಡಿದ ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ಅದನ್ನು ಹೊರತಂದ ವಿಶಾಲ್–ಶೇಖರ್ ಜೋಡಿ ಅವರನ್ನು ಗುರುತಿಸಿದ್ದು ವೇದಿಕೆಯ ಮೇಲೆ ಹಾಡುವುದನ್ನು ಕೇಳಿಯೇ.

ಉತ್ಸವಗಳ ಮೇಲಿನ ದೂರುಗಳಲ್ಲಿ ಒಂದನ್ನು ನಾನು ಒಪ್ಪುತ್ತೇನೆ. ದೊಡ್ಡ ನಗರದ ದೊಡ್ಡ ಉತ್ಸವಗಳ ಟಿಕೆಟ್ ದರ ಸಾಮಾನ್ಯ ವಿದ್ಯಾರ್ಥಿಯ ಕೈಗೆಟುಕುವುದಿಲ್ಲ. ಹಾಗೆಂದು ಉತ್ಸವವೇ ಬೇಡ ಎನ್ನಬೇಕಾಗಿಲ್ಲ, ಅದನ್ನು ಊರಿಗೆ ತರಬೇಕು. ಅರುಣಾಚಲ ಪ್ರದೇಶದ ಜೀರೊ ಕಣಿವೆಯಲ್ಲಿ 2012ರಿಂದ ನಡೆಯುತ್ತಿರುವ ಉತ್ಸವದಲ್ಲಿ ಅಲ್ಲಿನ ಅಪತಾನಿ ಜನರೇ ಬಿದಿರಿನ ವೇದಿಕೆ ಕಟ್ಟುತ್ತಾರೆ. ಈಶಾನ್ಯದ ಎಷ್ಟೋ ತಂಡಗಳನ್ನು ಉಳಿದ ಭಾರತ ಕೇಳಿದ್ದು ಅಲ್ಲಿ. ನಮ್ಮಲ್ಲೂ ಮಾದರಿಗೆ ಕೊರತೆಯಿಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಶಾಸ್ತ್ರೀಯ ಸಂಗೀತದ ಸಭೆಗಳಲ್ಲಿ ಮುಖ್ಯ ಕಛೇರಿಗೆ ಮೊದಲು ಕಿರಿಯರಿಗೆ ಹೊತ್ತು ಮೀಸಲಿಡುವ ಪದ್ಧತಿ ಇದೆ. ಇವತ್ತಿನ ಹೆಸರಾಂತ ವಿದ್ವಾಂಸರಲ್ಲಿ ಬಹಳಷ್ಟು ಮಂದಿ ಒಂದು ಕಾಲದಲ್ಲಿ ಆ ಹೊತ್ತಿನಲ್ಲಿ ಕೂತವರೇ. ಇದೇ ಸೌಜನ್ಯ ಕನ್ನಡದ ರ‍್ಯಾಪಿಗೆ, ಜನಪದ ರಾಕ್‌ಗೆ, ತನ್ನದೇ ಹಾಡು ಬರೆದು ಹಾಡುವ ಹುಡುಗಿಗೆ ಯಾಕಿಲ್ಲ?

ಸರ್ಕಾರದ ಉತ್ಸವಗಳು ಇಲ್ಲಿ ಬಹಳ ಮಾಡಬಹುದು. 2024ರ ಮೈಸೂರು ಯುವ ದಸರಾದಲ್ಲಿ ಶ್ರೇಯಾ ಘೋಷಾಲ್, ಬಾದ್‌ಶಾ, ಎ.ಆರ್. ರೆಹಮಾನ್, ಇಳಯರಾಜ ಬಂದರು. ಇವರ ದೊಡ್ಡತನದ ಬಗ್ಗೆ ಎರಡು ಮಾತಿಲ್ಲ. ಆದರೆ ಇವರನ್ನು ಜನ ಹೊಸದಾಗಿ ಕಂಡುಕೊಳ್ಳಬೇಕಾದ್ದು ಏನೂ ಇಲ್ಲ. ಅಷ್ಟು ಖರ್ಚಿನಲ್ಲಿ ಹಾಕಿದ ವೇದಿಕೆ, ಧ್ವನಿವರ್ಧಕ, ಬೆಳಕು, ಎದುರಿಗೆ ಸೇರಿದ ಸಾವಿರಾರು ಯುವಜನ ಎಲ್ಲವೂ ಸಿದ್ಧವಿರುವಾಗ ತಾರೆಯರಿಗೆ ಮೊದಲು ಅರ್ಧ ಗಂಟೆಯನ್ನು ರಾಜ್ಯದ ಒಂದು ಸ್ವತಂತ್ರ ತಂಡಕ್ಕೆ ಕೊಟ್ಟರೆ ಹೆಚ್ಚುವರಿ ಖರ್ಚು ತೀರಾ ಕಡಿಮೆ. ಷರತ್ತು ಇಷ್ಟು ಸಾಕು: ಹಾಡುಗಳು ತಂಡದ ಸ್ವಂತದ್ದಾಗಿರಬೇಕು, ಕನಿಷ್ಠ ಒಂದು ಕಿರು ಆಲ್ಬಮ್ ಆಗಲೇ ಹೊರಬಂದಿರಬೇಕು, ಸಂಭಾವನೆ ಕೊಡಲೇಬೇಕು. ಹಂಪಿ ಉತ್ಸವಕ್ಕೂ ಕದಂಬೋತ್ಸವಕ್ಕೂ ಇದು ಅನ್ವಯಿಸಲಿ. ಸಣ್ಣ ಜಾಗಗಳ ಪ್ರಶ್ನೆ ಬೇರೆಯೇ ಇದೆ. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಸಂಬಂಧಿಸಿದ 2005ರ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ನಗರದ ಹಲವು ಕಡೆ ಲೈವ್ ಸಂಗೀತ ನಿಂತಿತು. ನೆರೆಹೊರೆಯವರ ನಿದ್ದೆಯೂ ಕಟ್ಟಡದ ಸುರಕ್ಷತೆಯೂ ಮುಖ್ಯವೇ. ಆದರೆ ಐವತ್ತು ಜನ ಕೂತು ಗಿಟಾರ್ ಕೇಳುವ ಕೋಣೆಯನ್ನೂ ಸಾವಿರ ಜನರ ಸಭಾಂಗಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಐವತ್ತು ಜನರ ಕೋಣೆಗೆ ಒಂದೇ ಅರ್ಜಿಯ, ಕಡಿಮೆ ಶುಲ್ಕದ ಪರವಾನಗಿ ಬೇಕು. ಯುವ ದಸರಾದ ಅರ್ಧ ಗಂಟೆಯ ಬಗ್ಗೆ ಜಿಲ್ಲಾಡಳಿತ ತಾರೆಯರ ದಿನಾಂಕ ಗಟ್ಟಿಮಾಡುವ ಮೊದಲೇ ತೀರ್ಮಾನಿಸಬೇಕು, ತಂಡಗಳಿಂದ ಅರ್ಜಿಯನ್ನೂ ಆಗಲೇ ಕರೆಯಬೇಕು.